ಯಾರದೂ ಅಲ್ಲದ್ದು ಯಾರದು?

ಕೆಲವು ತಿಂಗಳ ಹಿಂದೆ ನನ್ನ ಗೆಳೆಯರೊಬ್ಬರು ಪತ್ನಿ, ಮಕ್ಕಳೊಂದಿಗೆ ಲಕ್ಷದ್ವೀಪದ ಕದ್ಮತ್ ದ್ವೀಪಕ್ಕೆ ಪ್ರವಾಸ ಹೋಗಿ ಬಂದರು. ಐದು ಹೊತ್ತಿನ ನಮಾಝನ್ನು ತಪ್ಪಿಸದವರು, ವ್ಯಾಪಾರದಲ್ಲಿ ಒಂದು ರೂಪಾಯಿಯ ಮೋಸವನ್ನೂ ಸಹಿಸದವರು. ಬರುವಾಗ ನನಗೊಂದು ಉಡುಗೊರೆ ತಂದಿದ್ದರು. ಅಂಗೈಯಗಲದ, ಹೂಗೊಂಚಲಿನಂತೆ ಕವಲೊಡೆದ ಒಂದು ಬಿಳಿ ಹವಳದ ತುಂಡು. ನಾನು ಸಂತೋಷದಿಂದಲೇ ಸ್ವೀಕರಿಸಿ ಪುಸ್ತಕದ ಕಪಾಟಿನ ಮೇಲಿಟ್ಟೆ.

ಅಂದು ಚಹಾ ಕುಡಿಯುತ್ತಾ ಅವರು ಅಲ್ಲಿನ ಸ್ನಾರ್ಕ್ಲಿಂಗ್‌ನ ಅನುಭವವನ್ನು ವರ್ಣಿಸಿದರು. ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ ಧರಿಸಿ, ಬಾಯಲ್ಲಿ ಉಸಿರಾಟದ ಕೊಳವೆಯನ್ನು ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕಡಲ ತಳವನ್ನು ನೋಡುವುದು. "ಮುಖವಾಡದೊಳಗೆ ನೀರು ಹೊಕ್ಕಿತು ಮಾರಾಯರೇ, ಜೀವವೇ ಹೋದಂತಾಯಿತು. ಕೆಳಗೆ ಕಲ್ಲುಗಳಿದ್ದವು, ಅವುಗಳ ಮೇಲೆ ನಿಂತು ಸರಿಪಡಿಸಿಕೊಂಡೆ. ಕಾಲಡಿಯಲ್ಲಿ ಹಪ್ಪಳ ಮುರಿದಂತಾಯಿತು" ಎಂದು ನಕ್ಕರು. ನಾನೂ ನಕ್ಕೆ.

ಆ ಬಳಿಕ ಹವಳದ ಕುರಿತು ಓದುವ ಸಂದರ್ಭ ಬಂತು. ಓದಿದ ಮೇಲೆ ಆ ನಗು ನನ್ನನ್ನು ಚುಚ್ಚತೊಡಗಿತು. ಆದುದರಿಂದ ಈ ಬರಹವು ಗೆಳೆಯರ ಮೇಲಿನ ದೂರಲ್ಲ. ಆ ತುಂಡು ಎರಡು ತಿಂಗಳು ನನ್ನ ಕಪಾಟನ್ನು ಅಲಂಕರಿಸಿತ್ತು ಎಂಬುದನ್ನು ಮರೆತು ನಾನು ಯಾರಿಗೂ ಉಪದೇಶ ಮಾಡಲಾರೆ.

ಕಲ್ಲಲ್ಲ, ಜೀವ

ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿಕೊಂಡು, ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತಮಗಾಗಿ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಪಾಚಿಯು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ, ಹವಳವು ಪಾಚಿಗೆ ಆಶ್ರಯ ನೀಡುತ್ತದೆ. ಹವಳದ ಬಣ್ಣಗಳಿಗೆ ಬಹುಮಟ್ಟಿಗೆ ಈ ಪಾಚಿಯೇ ಕಾರಣ. ಗುಂಡಗಿನ ಬಂಡೆಯಂತಹ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಮಾತ್ರ ಬೆಳೆಯುತ್ತವೆ. ಕವಲೊಡೆಯುವ ಜಾತಿಗಳು ಬೇಗ ಬೆಳೆಯುತ್ತವಾದರೂ ಅಷ್ಟೇ ಸುಲಭವಾಗಿ ಮುರಿಯುತ್ತವೆ. ಎಷ್ಟೋ ವರ್ಷಗಳ ದುಡಿಮೆಯನ್ನು ಒಂದು ಹೆಜ್ಜೆ ಒಂದು ಕ್ಷಣದಲ್ಲಿ ಮುಗಿಸಿಬಿಡುತ್ತದೆ.

ಲಕ್ಷದ್ವೀಪದಲ್ಲಿ ಹವಳವೆಂದರೆ ಕಡಲಿನ ಅಲಂಕಾರ ಮಾತ್ರವಲ್ಲ, ನೆಲವೇ ಹವಳ. 36 ದ್ವೀಪಗಳು, ಎಲ್ಲವೂ ಸೇರಿ ಕೇವಲ 32 ಚದರ ಕಿಲೋಮೀಟರ್ ನೆಲ. ಅವುಗಳಲ್ಲಿ ಜನವಸತಿ ಇರುವುದು 10ರಲ್ಲಿ ಮಾತ್ರ. 2011ರ ಜನಗಣತಿಯಂತೆ 64,473 ಮಂದಿ, ಅವರಲ್ಲಿ ನೂರಕ್ಕೆ 96ಕ್ಕಿಂತಲೂ ಹೆಚ್ಚು ಮುಸ್ಲಿಮರು. ಮುಳುಗಿದ ಬೆಟ್ಟಗಳ ಮೇಲೆ ಹವಳವು ಕಟ್ಟುತ್ತಾ ಬಂದ ದಿಬ್ಬಗಳ ಮೇಲೆ ಈ ದ್ವೀಪಗಳು ನಿಂತಿವೆ. ಪ್ರವಾಸಿಗಳು ಮೆಚ್ಚುವ ಬಿಳಿ ಮರಳು ಹವಳದ ಪುಡಿ. ಗಿಣಿಮೀನುಗಳು ಹವಳವನ್ನು ಕೆರೆದು ತಿಂದು ವಿಸರ್ಜಿಸಿದ್ದೂ ಅದರಲ್ಲಿ ಸೇರಿದೆ. ಹೊರಗಿನ ದಿಬ್ಬವು ಅಬ್ಬರದ ಅಲೆಗಳನ್ನು ತಡೆದು ನಿಲ್ಲಿಸುವುದರಿಂದಲೇ ಒಳಗಿನ ನೀರು ಕೆರೆಯಂತೆ ಶಾಂತವಾಗಿರುತ್ತದೆ. ನಮ್ಮ ಗೆಳೆಯರು ತೇಲಿದ್ದು ಆ ಶಾಂತ ನೀರಿನಲ್ಲಿ. ಬಾವಿಗಳಲ್ಲಿನ ಸಿಹಿನೀರು ಕೂಡಾ ಉಪ್ಪುನೀರಿನ ಮೇಲೆ ತೇಲುವ ಒಂದು ತೆಳ್ಳನೆಯ ಪದರ. ದಡ ಕೊರೆದರೆ ಅದಕ್ಕೂ ಅಪಾಯ.

ಈ ದ್ವೀಪಗಳು ನಮಗೆ ಪರಕೀಯವೂ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹಗ್ಗವೂ ಕೊಬ್ಬರಿಯೂ ಹಾಯಿಹಡಗುಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿದ್ದವು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ನಾವು ಮಾತನಾಡುತ್ತಿರುವುದು ನೆರೆಮನೆಯವರ ಅಂಗಳದ ಬಗ್ಗೆ.

ಬಿದ್ದಿದ್ದನ್ನು ಹೆಕ್ಕಿದರೇನು?

ನಾನು ವಿಷಯ ತೆಗೆದಾಗ ಗೆಳೆಯರು ಕೇಳಿದ ಮೊದಲ ಪ್ರಶ್ನೆ: "ಅಲ್ಲ ಮಾರಾಯರೇ, ಕಡಲಲ್ಲಿ ಸತ್ತು ಬಿದ್ದಿದ್ದ ತುಂಡು. ಅದು ಯಾರದು ಹೇಳಿ? ನಾನೇನು ಯಾರದಾದರೂ ಹಿತ್ತಿಲಿನಿಂದ ಕದ್ದೆನೇ?"

ಪ್ರಶ್ನೆ ಸಹಜವಾದುದೇ. ಕಾನೂನಿನ ಉತ್ತರ ಸುಲಭ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ, ಆನೆಗಳಿವೆ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಅದೇ ಪಟ್ಟಿಗೆ ಸೇರಿಸಲಾಯಿತು. ಲಕ್ಷದ್ವೀಪದಿಂದ ಹವಳವನ್ನು, ಅದು ಜೀವಂತವಿರಲಿ ಸತ್ತದ್ದಿರಲಿ, ತರುವುದು ಶಿಕ್ಷಾರ್ಹ ಅಪರಾಧ.

ಆದರೆ ಕಾನೂನು ಹೇಳಿತೆಂದು ಕೈಬಿಡುವುದು ಬೇರೆ, ತಪ್ಪೆಂದು ತಿಳಿದು ಕೈಬಿಡುವುದು ಬೇರೆ. ನಿಜವಾಗಿ ಆ ತುಂಡು ಯಾರದು? ಸತ್ತ ಹವಳ ಕಡಲಿನಲ್ಲಿ ವ್ಯರ್ಥವಾಗಿ ಬಿದ್ದಿರುವುದಿಲ್ಲ. ಗಟ್ಟಿಯಾಗಿ ನಿಂತ ಹಳೆಯ ಹವಳದ ಮೇಲೆಯೇ ಹೊಸ ಹವಳದ ಮರಿಗಳು ಬಂದು ಅಂಟಿಕೊಳ್ಳುತ್ತವೆ. ಅದರ ಸಂದುಗಳಲ್ಲಿ ಮೀನು, ಏಡಿಗಳು ಅಡಗುತ್ತವೆ. ಕೊನೆಗೆ ಪುಡಿಯಾಗಿ ಮರಳಾಗಿ ಅದು ದ್ವೀಪದ ದಡವನ್ನು ತುಂಬುತ್ತದೆ. ಹಾಗಾದರೆ ಅದು ಹುಟ್ಟಲಿರುವ ಹವಳದ್ದು, ಮೀನಿನದ್ದು, ನಾಳೆ ಆ ದಡದಲ್ಲಿ ಮನೆ ಕಟ್ಟಬೇಕಾದ ಮಗುವಿನದ್ದು. ಅವರಲ್ಲಿ ಯಾರೂ ಬಂದು "ಇದು ನಮ್ಮದು" ಎಂದು ಕೇಳಲಾರರು. ಕೇಳುವವರಿಲ್ಲದ್ದನ್ನು ನಾವು "ಯಾರದೂ ಅಲ್ಲ" ಎಂದು ಕರೆಯುತ್ತೇವೆ, ಅಷ್ಟೇ.

ವಿಶ್ವಾಸಿಯ ಮಟ್ಟಿಗೆ ಯಾರದೂ ಅಲ್ಲದ ವಸ್ತು ಎಂಬುದೇ ಇಲ್ಲ. ಎಲ್ಲವೂ ಸೃಷ್ಟಿಕರ್ತನದ್ದು, ನಮ್ಮ ಕೈಯಲ್ಲಿರುವುದು ಅಮಾನತ್ತು ಮಾತ್ರ. ಪವಿತ್ರ ಕುರ್‌ಆನಿನ ಅರ್‍ರಹ್ಮಾನ್ ಅಧ್ಯಾಯವು ಸಮುದ್ರದ ಅನುಗ್ರಹಗಳ ಸಾಲಿನಲ್ಲಿ ಮುತ್ತಿನೊಂದಿಗೆ ಹವಳವನ್ನೂ ಹೆಸರಿಸುತ್ತದೆ. ಅದೇ ಅಧ್ಯಾಯವು ಅದಕ್ಕಿಂತ ಮೊದಲೇ ತಕ್ಕಡಿಯ ಬಗ್ಗೆ, ತೂಕದಲ್ಲಿ ಮಿತಿಮೀರಬಾರದೆಂಬ ಬಗ್ಗೆ ಎಚ್ಚರಿಸಿದೆ. ಅನುಗ್ರಹವನ್ನು ಅನುಭವಿಸಬೇಡಿ ಎಂದಲ್ಲ, ತಕ್ಕಡಿಯನ್ನು ಕೆಡಿಸದೆ ಅನುಭವಿಸಿರಿ ಎಂದು.

ಕಡಲೇ ಕಾಯುತ್ತಿರುವಾಗ ಒಂದು ಹೆಜ್ಜೆಯ ಮಾತೇಕೆ?

ಗೆಳೆಯರ ಎರಡನೆಯ ಪ್ರಶ್ನೆ ಇನ್ನೂ ಬಲವಾದುದಾಗಿತ್ತು. "ಸಮುದ್ರ ಬಿಸಿಯಾಗಿ ಹವಳವೆಲ್ಲ ತಾನಾಗಿಯೇ ಸಾಯುತ್ತಿದೆಯಂತೆ. ಹೊಗೆ ಕಾರುವುದು ದೊಡ್ಡ ದೊಡ್ಡ ದೇಶಗಳು. ನನ್ನ ಕಾಲು ಏನು ಲೆಕ್ಕ?"

ಅವರ ಮಾತಿನಲ್ಲಿ ಸತ್ಯವಿದೆ. ಬೇಸಗೆಯ ಗರಿಷ್ಠ ಮಟ್ಟಕ್ಕಿಂತ ಸುಮಾರು ಒಂದು ಡಿಗ್ರಿ ಹೆಚ್ಚು ಶಾಖ ಕೆಲವು ವಾರ ನಿಂತರೆ ಸಾಕು, ಹವಳವು ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಶಾಖ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಇಂತಹ ವಿಪತ್ತು ಬಂದೆರಗಿತು. 2024ರ ಬೇಸಗೆಯಲ್ಲಿ ಮತ್ತೆ ಬಂತು. ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳನ್ನು ಗಮನಿಸುತ್ತಾ ಬಂದ ವಿಜ್ಞಾನಿಗಳ ಪ್ರಕಾರ 1998ರಿಂದ 2022ರ ನಡುವಿನ 24 ವರ್ಷಗಳಲ್ಲಿ ಅಲ್ಲಿನ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. ಇದು ಪ್ರವಾಸಿಯ ಕಾಲಿನಿಂದ ಆದುದಲ್ಲ.

ಆದರೆ ಇದರಿಂದ ಯಾವ ತೀರ್ಮಾನಕ್ಕೆ ಬರಬೇಕು? ಮನೆಯಲ್ಲಿ ಒಬ್ಬರು ತೀವ್ರ ಜ್ವರದಿಂದ ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ಜ್ವರ ತಂದವನು ನಾನಲ್ಲ ಎಂಬ ಕಾರಣಕ್ಕೆ ಅವರನ್ನು ತುಳಿದುಕೊಂಡು ಹೋಗಲು ನನಗೆ ಅನುಮತಿ ಸಿಕ್ಕಿತೇ? ರೋಗಿಯ ಬಳಿ ನಾವು ಧ್ವನಿ ತಗ್ಗಿಸಿ ಮಾತನಾಡುತ್ತೇವೆ, ಹೆಜ್ಜೆ ಸಪ್ಪಳವಾಗದಂತೆ ನಡೆಯುತ್ತೇವೆ. ಹವಳದ ಸ್ಥಿತಿಯೂ ಅದುವೇ. ಶಾಖದಿಂದ ಸತ್ತ ದಿಬ್ಬ ಮತ್ತೆ ಚೇತರಿಸಿಕೊಳ್ಳುವುದು ಬೆರಳಿನಷ್ಟು ಚಿಕ್ಕ ಹೊಸ ಹವಳಗಳಿಂದ. ಅವೇ ಕಾಲಿಗೆ ಮೊದಲು ಸಿಗುವಂಥವು. ದುರ್ಬಲನಿಗೆ ಮಾಡುವ ಸಣ್ಣ ಪೆಟ್ಟು ಸಣ್ಣದಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ದೊಡ್ಡ ತಪ್ಪನ್ನು ತೋರಿಸಿ ತನ್ನ ಚಿಕ್ಕ ತಪ್ಪನ್ನು ಮರೆಮಾಚುವುದು ಮನುಷ್ಯನ ಹಳೆಯ ಚಾಳಿ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಒಬ್ಬನ ಬೊಗಸೆಯಿಂದ ನದಿ ಬತ್ತುವುದಿಲ್ಲ. ಹಾಗಿದ್ದೂ ಆ ಬೋಧನೆ ಏಕೆ? ಅಲ್ಲಿ ಪರೀಕ್ಷೆಗೊಳಗಾಗುವುದು ನದಿಯಲ್ಲ, ನದಿಯ ಮುಂದೆ ಕುಳಿತಿರುವ ಮನುಷ್ಯ.

ಅತಿಥಿಯ ಮಿತಿ

ಪ್ರವಾಸವೇ ತಪ್ಪು ಎಂಬುದು ನನ್ನ ವಾದವಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಕುರ್‌ಆನ್ ಪ್ರೇರೇಪಿಸುತ್ತದೆ. ನೀರಿನೊಳಗಿನ ಆ ಬಣ್ಣದ ಲೋಕವನ್ನು ಕಂಡವನ ಬಾಯಿಂದ ತಾನಾಗಿಯೇ "ಸುಬ್‌ಹಾನಲ್ಲಾಹ್" ಎಂಬ ಉದ್ಗಾರ ಬರುತ್ತದೆ. ಆದರೆ ಉದ್ಗಾರ ತೆಗೆದ ಬಾಯಿಗೂ ಅದೇ ಹೊತ್ತಿನಲ್ಲಿ ತುಳಿಯುವ ಕಾಲಿಗೂ ಸಂಬಂಧ ಬೇಡವೇ?

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿ ನೀಡಿ ಸ್ನಾರ್ಕ್ಲಿಂಗ್ ಮಾಡಿದ ಚಿತ್ರಗಳು ಪ್ರಕಟವಾದ ಮೇಲೆ ಅಲ್ಲಿಗೆ ಹೋಗಬೇಕೆನ್ನುವವರ ಸಂಖ್ಯೆ ಏರಿತು. ಪ್ರವಾಸದಿಂದ ದ್ವೀಪದವರಿಗೆ ಸಂಪಾದನೆಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹಣ ಕೊಟ್ಟವನು ಕೊಂಡದ್ದೇನು? ಹಡಗಿನ ಆಸನ, ಮಲಗಲು ಕೋಣೆ, ಎರಡು ಹೊತ್ತಿನ ಊಟ. ಕಡಲನ್ನು ಯಾರೂ ಮಾರಿಲ್ಲ, ಮಾರುವ ಹಕ್ಕು ಯಾರಿಗೂ ಇಲ್ಲ. ದ್ವೀಪದ ಬೆಸ್ತರು ಬಹುಕಾಲದಿಂದ ಗಾಳದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಮೀನನ್ನು ಹಿಡಿಯುತ್ತಾ ಬಂದವರು. ಅದಕ್ಕೆ ಬೇಕಾದ ಚಿಕ್ಕ ಎರೆಮೀನುಗಳು ಸಿಗುವುದು ಇದೇ ಹವಳದ ನಡುವೆ. ನಮ್ಮ ನಾಲ್ಕು ದಿನಗಳ ವಿನೋದವು ಅವರ ವರ್ಷವಿಡೀ ದುಡಿಮೆಯ ಮೇಲೆ ಕಾಲಿಡಬಾರದು. ಮನೆಯವರು ಮರ್ಯಾದೆಯಿಂದ ಸುಮ್ಮನಿದ್ದಾರೆಂದು ಅತಿಥಿ ಮಿತಿ ಮೀರುವುದು ಸಭ್ಯತೆಯಲ್ಲ.

ನೀರಿನಡಿಯಲ್ಲಿ ಪೊಲೀಸರಿಲ್ಲ. ಮುಖ ನೀರಿನೊಳಗಿರುವಾಗ ಕಾಲು ಎಲ್ಲಿತ್ತೆಂದು ದೋಣಿಯಲ್ಲಿ ಕುಳಿತವರಿಗೂ ತಿಳಿಯದು. ಮುರಿದ ಹವಳ ಕೂಗುವುದಿಲ್ಲ, ದೂರು ಕೊಡುವುದಿಲ್ಲ. ಯಾರೂ ನೋಡದ, ಯಾರೂ ಕೇಳದ, ತನಗೆ ಯಾವ ನಷ್ಟವೂ ಇಲ್ಲದ ಜಾಗದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ? ಧರ್ಮನಿಷ್ಠೆಯ ಅಳತೆಗೋಲು ಇದುವೇ. ನಾವು ಅಲ್ಲಾಹನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆಂಬ ಅರಿವು ಮಸೀದಿಯ ಸಾಲಿನಲ್ಲಿ ಮಾತ್ರ ಬೇಕಾದುದಲ್ಲ.

ಹೇಳದವರ ಪಾಲು

ಎಲ್ಲ ವಾದಗಳು ಮುಗಿದ ಮೇಲೆ ಗೆಳೆಯರು ತುಸು ಹೊತ್ತು ಸುಮ್ಮನಿದ್ದು, "ನನಗೆ ಯಾರೂ ಹೇಳಲಿಲ್ಲ" ಎಂದರು. ಈ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಒಂದೇ ಹಡಗಿನ ಮೇಲಂತಸ್ತಿನವರ ಹಾಗೂ ಕೆಳಗಿನವರ ಉಪಮೆಯನ್ನು ಪ್ರವಾದಿ(ಸ)ರು ನೀಡಿರುವುದು ಓದುಗರಿಗೆ ತಿಳಿದಿದೆ. ನೀರಿಗಾಗಿ ಮೇಲಿನವರಿಗೆ ತೊಂದರೆ ಕೊಡುವುದು ಬೇಡವೆಂದು ಕೆಳಗಿನವರು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಹೊರಡುತ್ತಾರೆ. ಅವರಲ್ಲಿ ದುರುದ್ದೇಶವಿಲ್ಲ. ಆದರೂ ಉಳಿದವರು ಕೈಹಿಡಿದು ತಡೆಯದಿದ್ದರೆ ಮುಳುಗುವುದು ಎಲ್ಲರೂ. ತಿಳಿಯದೆ ಕೊರೆಯುವವನಿಗಿಂತ ತಿಳಿದೂ ಸುಮ್ಮನಿರುವವನ ಹೊಣೆ ಕಡಿಮೆಯಲ್ಲ. ಹಜ್ಜಿಗೆ ಹೊರಡುವವರಿಗೆ ನಾವು ತರಬೇತಿ ಶಿಬಿರ ನಡೆಸುತ್ತೇವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕಡಲಿಗೋ ಕಾಡಿಗೋ ಹೊರಡುವವರಿಗೆ ಅಲ್ಲಿನ ಶಿಷ್ಟಾಚಾರವನ್ನು ಯಾರು ಹೇಳಿಕೊಡುತ್ತಿದ್ದಾರೆ?

ಹೇಳಬೇಕಾದುದು ಹೆಚ್ಚೇನೂ ಇಲ್ಲ. ಮುಖವಾಡವನ್ನೂ ಕೊಳವೆಯನ್ನೂ ಮೊದಲು ಬರೀ ಮರಳಿರುವ, ಸೊಂಟದಷ್ಟು ನೀರಿನಲ್ಲಿ ಅಭ್ಯಾಸ ಮಾಡಿಕೊಳ್ಳಿ. ಈಜು ಬಾರದವರು ತೇಲುಜಾಕೀಟು ಧರಿಸಿ, ಆಗ ನಿಲ್ಲುವ ಅಗತ್ಯವೇ ಬೀಳದು. ಹವಳದ ಮೇಲೆ ನಿಲ್ಲಬೇಡಿ, ಅದನ್ನು ಹಿಡಿಯಬೇಡಿ. ಬಿಸಿಲಿಗೆ ಮೈಗೆ ಲೇಪ ಹಚ್ಚಿ ನೀರಿಗಿಳಿಯುವ ಬದಲು ಮೈತುಂಬ ಬಟ್ಟೆ ಧರಿಸಿ. ಮೀನುಗಳಿಗೆ ತಿಂಡಿ ಎಸೆಯಬೇಡಿ. ಹವಳ, ಚಿಪ್ಪುಗಳನ್ನು ಹೆಕ್ಕಬೇಡಿ, ಕೊಳ್ಳಬೇಡಿ.

ಟಾಂಜಾನಿಯಾದ ಪೆಂಬಾ ದ್ವೀಪದ ಪಕ್ಕದಲ್ಲಿ ಮಿಸಾಲಿ ಎಂಬ ಪುಟ್ಟ ದ್ವೀಪವಿದೆ. ಅದರ ಸುತ್ತಲಿನ ಹವಳದ ದಿಬ್ಬವೂ ಸಂರಕ್ಷಿತ ಪ್ರದೇಶವೇ. ಒಬ್ಬ ಮಹಾಪುರುಷರು ಅಲ್ಲಿನ ಬೆಸ್ತರೊಡನೆ ನಮಾಝಿಗೆ ಚಾಪೆ ಕೇಳಿದರಂತೆ. ಅವರಲ್ಲಿ ಇರಲಿಲ್ಲ. ಕಿಬ್ಲಾದ ಕಡೆಗೆ ಮುಖ ಮಾಡಿರುವ ಈ ದ್ವೀಪವೇ ನನ್ನ ಚಾಪೆ ಎಂದರಂತೆ. ದ್ವೀಪಕ್ಕೆ ಆ ಹೆಸರು ಬಂದುದು ಹೀಗೆಂದು ಊರವರ ಕಥೆ. ಕಥೆಯ ಸತ್ಯಾಸತ್ಯತೆ ಬದಿಗಿರಲಿ. ಹಾಸಿದ ನಮಾಝಿನ ಚಾಪೆಯನ್ನು ನಮ್ಮಲ್ಲಿ ಪುಟ್ಟ ಮಗು ಕೂಡಾ ಚಪ್ಪಲಿ ಕಾಲಿನಿಂದ ತುಳಿಯುವುದಿಲ್ಲ. ಯಾರೂ ಕಾವಲು ನಿಲ್ಲುವುದಿಲ್ಲ, ದಂಡ ಹಾಕುವುದಿಲ್ಲ. ಮನೆಯಲ್ಲಿ ಹೇಳಿಕೊಟ್ಟಿದ್ದಾರೆ, ಅಷ್ಟೇ. ಹಾಗಾದರೆ ಹೇಳಿಕೊಟ್ಟರೆ ಕಾಲು ಕಲಿಯುತ್ತದೆ.

ಆ ಬಿಳಿ ತುಂಡು ಈಗ ನನ್ನ ಕಪಾಟಿನ ಮೇಲಿಲ್ಲ. ಕಸಕ್ಕೆಸೆಯಲು ಮನಸ್ಸು ಒಪ್ಪಲಿಲ್ಲ, ಇಟ್ಟುಕೊಳ್ಳಲು ಹಕ್ಕಿರಲಿಲ್ಲ. ನಡೆದುದನ್ನು ನಡೆದಂತೆ ಹೇಳಿ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸೋಣವೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಅದರಿಂದ ಮುರಿದ ಹವಳ ಕೂಡಿಕೊಳ್ಳದು. ಉಡುಗೊರೆಯ ತಪ್ಪನ್ನು ಎತ್ತಿ ತೋರಿಸಿದ್ದಕ್ಕೆ ಗೆಳೆಯರು ಮುನಿಸಿಕೊಂಡಾರೆಂದು ನಾನು ಅಂಜಿದ್ದೆ. ಅವರು ಮುನಿಯಲಿಲ್ಲ. ತಮ್ಮ ಹತ್ತು ವರ್ಷದ ಮಗನನ್ನು ಕರೆದು, ಅಂದು ತಾನು ಕಾಲಿಟ್ಟದ್ದು ಕಲ್ಲಿನ ಮೇಲಲ್ಲ ಎಂದು ಅವನಿಗೆ ಹೇಳಿದರು. ತಂದೆಯೊಬ್ಬ ಮಗನ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭದ ಕೆಲಸವಲ್ಲ. ಆ ಮಗ ಮುಂದೆ ಯಾವ ಕಡಲಿಗೆ ಇಳಿದರೂ ಕಾಲಿಡುವ ಮೊದಲು ಒಮ್ಮೆ ಕೆಳಗೆ ನೋಡುತ್ತಾನೆ ಎಂಬ ಭರವಸೆ ನನಗಿದೆ.