ಮೈ ಬಿಡಿಸಿದ್ದು, ಮನ ಬಿಟ್ಟದ್ದು

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಆಹಾರ, ವಾಹನ, ಶಯ್ಯೆ, ಸ್ನಾನ, ಪುಷ್ಪ, ತಾಂಬೂಲಗಳೊಡನೆ ಅಂಗರಾಗವನ್ನೂ, ಎಂದರೆ ಮೈಗೆ ಹಚ್ಚುವ ಲೇಪನಗಳನ್ನೂ, ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಮೇರೆಯೊಳಗೆ ಸೇರಿಸಿದ್ದಾರೆ. ಇಂದಿನ ಅಂಗರಾಗವೆಂದರೆ ಮುಖಕ್ಕೆ ಹಚ್ಚುವ ಕ್ರೀಮು, ಶಾಂಪೂ, ಕೂದಲ ಬಣ್ಣ, ಉಗುರುಬಣ್ಣ, ಸೆಂಟು ಮುಂತಾದವು. ಇವುಗಳಲ್ಲಿ ಒಂದು ಮೈಗೆ ಒಗ್ಗದೆ ತುರಿಕೆ, ಬಾವು, ನೀರುಗುಳ್ಳೆಗಳು ಎದ್ದಾಗ ವೈದ್ಯರು ಅದನ್ನು ಬಿಡಲೇಬೇಕೆಂದು ಹೇಳುತ್ತಾರೆ. ರೋಗಿಯೂ ಬಿಡುತ್ತಾನೆ. ಹೀಗೆ ಬಿಟ್ಟದ್ದು ತ್ಯಾಗವೆನಿಸೀತೆ? ಅದು ವ್ರತದ ಲೆಕ್ಕಕ್ಕೆ ಸೇರೀತೆ?

ಪ್ರಶ್ನೆಯನ್ನು ವಿಚಾರಿಸುವ ಮುನ್ನ ರೋಗದ ಸ್ವರೂಪವನ್ನು ತಿಳಿಯುವುದು ಉಚಿತ. ಚರ್ಮದ ಅಲರ್ಜಿ ಮೊದಲ ಸ್ಪರ್ಶದಲ್ಲಿಯೇ ತೋರುವುದಿಲ್ಲ. ಲೇಪನದ ಸೂಕ್ಷ್ಮಾಂಶವು ಚರ್ಮದೊಳಗಿಳಿದು ಅಲ್ಲಿಯ ಪ್ರೋಟೀನಿನೊಡನೆ ಕೂಡುತ್ತದೆ. ಶರೀರದ ರಕ್ಷಣಾ ವ್ಯವಸ್ಥೆಯು ಅದನ್ನು ಪರಕೀಯವೆಂದು ಗುರುತಿಟ್ಟುಕೊಳ್ಳುತ್ತದೆ. ಈ ಗುರುತು ಮೂಡಲು ಕೆಲವರಿಗೆ ಹತ್ತು ಹದಿನೈದು ದಿನಗಳು ಸಾಕು. ಕೆಲವರಿಗೆ ಅನೇಕ ವರ್ಷಗಳ ಬಳಕೆಯ ಅನಂತರ ಮೂಡುತ್ತದೆ. ಆಮೇಲೆ ಅದೇ ಪದಾರ್ಥವು ತಗುಲಿದಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ಮೈ ಕೆರಳುತ್ತದೆ. ಒಮ್ಮೆ ಮೂಡಿದ ಗುರುತು ಬಹುಮಟ್ಟಿಗೆ ಜೀವಮಾನವಿಡೀ ಅಳಿಯದು. ಆದುದರಿಂದ "ಇಷ್ಟು ವರ್ಷ ಹಚ್ಚಿದರೂ ಏನೂ ಆಗಿರಲಿಲ್ಲ" ಎಂಬ ಮಾತು ಯಾರಿಗೂ ರಕ್ಷೆಯಾಗಲಾರದು.

ಕಪ್ಪು ಕೂದಲ ಬಣ್ಣದಲ್ಲಿರುವ ಪ್ಯಾರಾ ಫೀನೈಲೀನ್ ಡೈಅಮೀನ್, ಸುಗಂಧದ್ರವ್ಯಗಳು ಮತ್ತು ಕೆಡದಂತೆ ಬೆರೆಸುವ ರಾಸಾಯನಿಕಗಳು ಈ ವ್ಯಾಧಿಗೆ ಪ್ರಸಿದ್ಧ ಕಾರಣಗಳು. ಇಂತಹ ರಾಸಾಯನಿಕಗಳಲ್ಲೊಂದಾದ ಮೀಥೈಲ್ ಐಸೋಥಯಾಜೊಲಿನೋನನ್ನು, ತೊಳೆಯದೆ ಮೈಮೇಲೆಯೇ ಬಿಡುವ ಲೇಪನಗಳಲ್ಲಿ ಬಳಸದಂತೆ ಯುರೋಪಿನ ಒಕ್ಕೂಟವು 2017ರಿಂದ ನಿಷೇಧಿಸಿದೆ. ದೋಷವು ಯಾವ ಪದಾರ್ಥದ್ದೆಂದು ಅರಿಯಲು, ಶಂಕಿತ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಂತೆ ಅಂಟಿಸಿ 48 ಗಂಟೆಗಳ ಅನಂತರ ತೆಗೆದು ನೋಡುವ ಪರೀಕ್ಷೆಯುಂಟು. ಜರ್ಮನಿಯ ವೈದ್ಯ ಯಾಡಾಸೋನ್ 1895ರಲ್ಲಿ ಇದನ್ನು ಪ್ರಕಟಪಡಿಸಿದನು.

ಇನ್ನು ಮೂಲ ಪ್ರಶ್ನೆ. ಅನಿಷ್ಟವಾದುದನ್ನು, ಎಂದರೆ ಮೈಗೆ ಹಾನಿಕರವಾದುದನ್ನು, ಬಿಡಬೇಕೆಂಬುದು ಆಚಾರ್ಯರ ಮಾತೇ ಆಗಿದೆ. ಆದರೆ ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂದು ಅವರು ಅದರೊಡನೆಯೇ ತಿಳಿಸುತ್ತಾರೆ. ಜ್ವರ ಬಂದವನು ಉಣ್ಣದಿದ್ದರೆ ಅದು ಉಪವಾಸವಾಗದು. ಪ್ರೋಷಧೋಪವಾಸದ ದಿನ ಶ್ರಾವಕನು ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಗಳನ್ನು ತೊರೆಯುತ್ತಾನೆ. ಮೈ ಕೆರೆಯುವವನೂ ಅಂದು ಅವನ್ನೇ ತೊರೆದಿರಬಹುದು. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ. ಒಬ್ಬನಲ್ಲಿ ಬಿಟ್ಟದ್ದು ಮನಸ್ಸು. ಇನ್ನೊಬ್ಬನಲ್ಲಿ ಬಿಡಿಸಿದ್ದು ಚರ್ಮ.

ಕೂದಲ ಬಣ್ಣದಿಂದ ಒಮ್ಮೆ ಮುಖವೆಲ್ಲ ಊದಿಕೊಂಡ ಗೃಹಿಣಿಯೊಬ್ಬರನ್ನು ಭಾವಿಸಬಹುದು. ಅವರು ಆ ಬಣ್ಣವನ್ನು ಬಿಟ್ಟು ಮತ್ತೊಂದನ್ನು ತರುತ್ತಾರೆ. ಅದೂ ಕೆರಳಿಸಿದರೆ ಗಿಡಮೂಲಿಕೆಯದೆಂದು ಹೇಳುವ ಕಪ್ಪು ಮೆಹೆಂದಿಯನ್ನು ಹುಡುಕುತ್ತಾರೆ. ಕೆಲವು ಕಪ್ಪು ಮೆಹೆಂದಿಗಳಲ್ಲಿ ಅದೇ ರಾಸಾಯನಿಕವಿರುವುದರಿಂದ ಅಪಾಯವು ಅಲ್ಲಿಯೂ ತಪ್ಪದು. ಇಲ್ಲಿ ಡಬ್ಬಿ ಬದಲಾಯಿತೇ ಹೊರತು ಬಯಕೆ ಬದಲಾಗಲಿಲ್ಲ. ಆದರೂ ದೋಷವನ್ನೆಲ್ಲ ಆಕೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮದುವೆಮನೆಯಲ್ಲಿ ನೆರೆಗೂದಲನ್ನು ಕಂಡು "ಇಷ್ಟು ಬೇಗ ಮುದುಕಿಯಾದಿರಲ್ಲ" ಎನ್ನುವ ಬಂಧುಗಳೂ ಆ ಬಾವಿನಲ್ಲಿ ಪಾಲುಗಾರರು. ಪರರ ರೂಪವನ್ನು ಹಳಿಯದಿರುವ ನಿಯಮವನ್ನು ಅವರು ಕೈಗೊಂಡರೆ ಆಕೆಯ ತ್ಯಾಗವು ಸುಲಭವಾದೀತು.

ಹಾಗಾದರೆ ನಿರ್ಬಂಧದಿಂದ ಬಿಟ್ಟದ್ದು ವ್ಯರ್ಥವೇ? ಹಾಗೆ ಹೇಳಲಾಗದು. ಪರವಶತೆಯಲ್ಲಿ ಶಾಂತಿಯಿಂದ ಸಹಿಸಿದಾಗ ಆಗುವ ಅಕಾಮನಿರ್ಜರೆಯನ್ನು ತತ್ತ್ವಾರ್ಥಸೂತ್ರವು ದೇವಾಯುವಿನ ಆಸ್ರವಕ್ಕೆ ಕಾರಣಗಳಲ್ಲಿ ಎಣಿಸಿದೆ. ಅದು ವ್ರತವಲ್ಲ, ಆದರೆ ವ್ರತಕ್ಕೆ ಬಾಗಿಲಾಗಬಲ್ಲುದು. ಗುಣವಾದ ಮೇಲೆ, ಒಗ್ಗುವ ಲೇಪನವು ಕೈಗೆ ದೊರೆಯುವಂತಿರುವಾಗಲೂ, "ನನಗೆ ಇಷ್ಟೇ ಸಾಕು" ಎಂದು ಆಕೆ ಮೇರೆಯಿಟ್ಟುಕೊಂಡರೆ ಅಂದಿನಿಂದ ವ್ರತ ಆರಂಭವಾಯಿತು. ಜೀವಾವಧಿಯ ಯಮವನ್ನು ಕೈಗೊಳ್ಳಲಾಗದವರಿಗೆ ಕಾಲಮಿತಿಯ ನಿಯಮವಿದೆ: ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ.

ತನ್ನ ಮೈಗೆ ಒಗ್ಗಿದ ಮಾತ್ರಕ್ಕೆ ವಸ್ತುವು ಯೋಗ್ಯವೆನಿಸದೆಂಬುದೂ ಸ್ಮರಣೀಯ. ಮನುಷ್ಯರ ಕಣ್ಣು ಮತ್ತು ಚರ್ಮಕ್ಕೆ ತೊಂದರೆಯಾದೀತೇ ಎಂದು ತಿಳಿಯಲು ಮೊಲಗಳ ಕಣ್ಣಿಗೂ ಬೋಳಿಸಿದ ಮೈಗೂ ಪದಾರ್ಥಗಳನ್ನು ಹಚ್ಚಿ ನೋಡುವ ಪರೀಕ್ಷೆ 1944ರಿಂದ ಬಹುಕಾಲ ನಡೆಯಿತು. ಭಾರತವು ಸೌಂದರ್ಯಸಾಧನಗಳಿಗಾಗಿ ಪ್ರಾಣಿಪರೀಕ್ಷೆಯನ್ನೂ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ 2014ರಲ್ಲಿ ನಿಷೇಧಿಸಿತು. ಆದರೂ ಕೆಲವು ತುಟಿಬಣ್ಣಗಳ ಕೆಂಪು ಇಂದಿಗೂ ಕೀಟಗಳನ್ನು ಅರೆದು ತೆಗೆದದ್ದು. ತನ್ನ ತುರಿಕೆಯಿಂದ ನೊಂದವನಿಗೆ ಆ ಜೀವಿಗಳ ನೋವು ಅರ್ಥವಾದರೆ ರೋಗವೂ ಒಂದು ಪಾಠವಾದೀತು.

ಎರಡು ಎಚ್ಚರಿಕೆಗಳು ಅವಶ್ಯಕ. ವೇದನೆಗೆ ಅಸಾತಾವೇದನೀಯ ಕರ್ಮದ ಉದಯವು ಕಾರಣವೆಂಬುದು ಸಿದ್ಧಾಂತ. ಆದರೆ ನರಳುವವರ ಮುಂದೆ ನಿಂತು "ನಿಮ್ಮ ಕರ್ಮ" ಎನ್ನುವುದು ಕರುಣೆಯಲ್ಲ. ಉಪವಾಸದಿಂದ ಅಲರ್ಜಿ ವಾಸಿಯಾಗುವುದೆಂದು ನಂಬಿ ಚಿಕಿತ್ಸೆಯನ್ನು ತಡಮಾಡುವುದೂ ಸರಿಯಲ್ಲ. ಮುಖ, ಗಂಟಲುಗಳು ಊದಿ ಉಸಿರಿಗೆ ತೊಡಕಾದರೆ ತತ್‌ಕ್ಷಣವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕೇಶಲೋಚ, ಅಸ್ನಾನ, ಅದಂತಧಾವನಗಳು ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿವೆ. ಗೃಹಸ್ಥರಿಂದ ಅಷ್ಟನ್ನು ಯಾರೂ ಅಪೇಕ್ಷಿಸರು. ಆದರೆ ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚವನ್ನು ಪೂಜಿಸುವ ಮನೆಗಳಲ್ಲಿ, ಶೌಚವೆಂದರೆ ಲೋಭದ ನಿವೃತ್ತಿಯೆಂಬುದನ್ನು ನೆನೆದು, ಕನ್ನಡಿಯ ಮುಂದಿನ ಡಬ್ಬಿಗಳಲ್ಲಿ ಒಂದನ್ನಾದರೂ ಮೈ ಕೆರಳುವ ಮೊದಲೇ ಬಿಡಲು ಸಾಧ್ಯ. ಹತ್ತು ದಿನಗಳ ಮಟ್ಟಿಗಾದರೂ ಹಾಗೆ ಬಿಟ್ಟವರಿಗೆ ವ್ರತದ ರುಚಿ ತಿಳಿದೀತು.