ತೊದಲು ಪಾಪವಲ್ಲ, ಮುಚ್ಚಿಡೋದು?

ವಿಮೋಚನಕಾಂಡ 4ನೇ ಅಧ್ಯಾಯ, 10ರಿಂದ 16ನೇ ವಚನ ತೆಗೀರಿ. ಅದಕ್ಕೂ ಮುಂಚೆ ನನ್ನದೊಂದು ಸಾಕ್ಷಿ.

ನಮ್ಮೂರು ನಿಪ್ಪಾಣಿ. ಆದರೆ ಚಿಕ್ಕಂದಿನಿಂದ ಆ ಹೆಸರೇ ನನ್ನ ಬಾಯಿಂದ ಬರ್ತಿರಲಿಲ್ಲ. ‘ನ’ ಅಕ್ಷರ ಬಂತಂದ್ರೆ ನಾಲಿಗೆ ಅಲ್ಲೇ ಅಂಟಿಕೊಳ್ಳೋದು. ಬೆಳಗಾವಿಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ ‘ಎಲ್ಲಿಗ್ರಿ?’ ಅಂದ್ರೆ ‘ಕಾಗಲ್’ ಅಂತಿದ್ದೆ. ಕಾಗಲ್ ನಮ್ಮೂರು ದಾಟಿ, ಮಹಾರಾಷ್ಟ್ರದೊಳಗೆ. ಹೆಚ್ಚಿಗೆ ದುಡ್ಡು ಕೊಟ್ಟು ನಿಪ್ಪಾಣಿಯಲ್ಲೇ ಇಳೀತಿದ್ದೆ. ‘ನೀರು’ ಸಿಕ್ಕಿಹಾಕಿಕೊಂಡ್ರೆ ಮರಾಠಿಯ ‘ಪಾಣಿ’. ಗಡಿ ಊರಿನ ಮಾತೇ ಹಂಗ, ಯಾರಿಗೂ ಗೊತ್ತಾಗ್ತಿರಲಿಲ್ಲ.

ಇದು ಸುಳ್ಳಾ? ಅಲ್ಲ ಅಂದುಕೊಂಡಿದ್ದೆ. ನಷ್ಟ ಆದದ್ದು ನನ್ನ ಜೇಬಿಗೆ ಮಾತ್ರ.

ಆಮೇಲೆ ಸಭೆಯಲ್ಲಿ ಸಾಕ್ಷಿ ಹೇಳು ಅಂದ್ರೆ ‘ಗಂಟಲು ನೋವು’ ಅಂದೆ. ಒಂದು ದಿನ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ಹುಡುಗ ತೊದಲುತ್ತಾ ಕೇಳಿದ: ‘ಅಣ್ಣಾ, ನಿಮಗೂ ಹಿಂಗ ಆಗ್ತೈತೇನು?’ ನಾನು ‘ಇಲ್ಲಪ್ಪ’ ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವನು ತಲೆ ತಗ್ಗಿಸಿ ಹೋದ. ಆ ರಾತ್ರಿ ನನಗೆ ಪ್ರಾರ್ಥನೆ ಬರಲಿಲ್ಲ.

ಈಗ ಮೋಶೆಯನ್ನು ನೋಡಿ. ನನ್ನ ಮಾತು ನಿಧಾನ, ನಾಲಿಗೆ ಮಂದ ಎಂದು ದೇವರ ಮುಂದೆ ಒಪ್ಪಿಕೊಂಡನು. ಅದಕ್ಕೆ ದೇವರು ಸಿಟ್ಟಾಗಲಿಲ್ಲ. ಬೇರೆ ಯಾರನ್ನಾದರೂ ಕಳಿಸು ಅಂದಾಗ ಸಿಟ್ಟಾದನು. ಆಗಲೂ ಅಣ್ಣ ಆರೋನನನ್ನು ಜೊತೆಗೆ ಕೊಟ್ಟನು, ಮೋಶೆಯನ್ನು ಕೈಬಿಡಲಿಲ್ಲ. ನಾಲಿಗೆ ಅಲ್ಲೇ ವಾಸಿಯಾಯಿತೆಂದು ಬರೆದಿಲ್ಲ.

ಹಂಗಾದ್ರೆ ಉಪಾಯ ಮಾಡೋದೇ ತಪ್ಪಾ? ತಪ್ಪಲ್ಲ. ಉಸಿರು ಬಿಡುತ್ತಾ ಮೊದಲ ಅಕ್ಷರವನ್ನು ಮೆತ್ತಗೆ ಶುರು ಮಾಡ್ತೀನಿ. ಮಧ್ಯೆ ನಿಲ್ತೀನಿ. ಫೋನ್ ಎತ್ತಿದ ಕೂಡಲೇ ‘ನಾನು ತೊದಲ್ತೀನಿ, ಸ್ವಲ್ಪ ಟೈಮ್ ಕೊಡ್ರಿ’ ಅಂತೀನಿ. ಆಗ ಅರ್ಧ ಟೆನ್ಶನ್ ಅಲ್ಲೇ ಇಳಿಯುತ್ತೆ. ಎಲ್ಲರೂ ಸೇರಿ ಹಾಡುವಾಗ ತೊದಲುವವರ ನಾಲಿಗೆಯೂ ಸಾಮಾನ್ಯವಾಗಿ ಸಲೀಸಾಗಿ ಓಡುತ್ತೆ, ಆರಾಧನೆಯಲ್ಲಿ ನೀವೇ ಗಮನಿಸಿರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಚಿಕಿತ್ಸೆಯೂ ಇದೆ. ಥೆರಪಿಗೆ ಹೋದ್ರೆ ವಿಶ್ವಾಸ ಕಡಿಮೆ ಅಂತಲ್ಲ.

ಈಗ ನಾನು ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಈ ಉಪಾಯ ನನ್ನನ್ನು ಎದುರಿಗಿರುವವರ ಹತ್ತಿರ ತರುತ್ತಾ, ಅವರಿಂದ ಅಡಗಿಸುತ್ತಾ? ‘ಪಾಣಿ’ ಅಂದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ‘ಇಲ್ಲಪ್ಪ’ ಅಂದದ್ದಕ್ಕೆ ಇದೆ.

ಮುಂದಿನ ಭಾನುವಾರ ಆ ಹುಡುಗನನ್ನು ಹುಡುಕಿ ‘ನ... ನನಗೂ ಐತಿ’ ಅಂದೆ. ಮೂರು ಸಲ ಸಿಕ್ಕಿಕೊಂಡೆ. ಅವನು ಕಾದ, ನನ್ನ ಮಾತನ್ನು ತಾನು ಮುಗಿಸಲಿಲ್ಲ.

ಸಭೆಯೇ, ನೀವೂ ಹಂಗೇ ಕಾಯಿರಿ. ತೊದಲುವವರ ವಾಕ್ಯವನ್ನು ನೀವು ಮುಗಿಸಬೇಡಿ, ಅವರ ವಿಶ್ವಾಸವನ್ನು ನಾಲಿಗೆಯಿಂದ ಅಳೆಯಬೇಡಿ. ಬಿಡುಗಡೆಗಾಗಿ ನಾನು ಇಂದಿಗೂ ಪ್ರಾರ್ಥಿಸ್ತೀನಿ. ಆದರೆ ಸತ್ಯ ಹೇಳೋಕೆ ಅಲ್ಲಿವರೆಗೂ ಕಾಯೋದಿಲ್ಲ. ನೀವು ಏನನ್ನು ಮುಚ್ಚಿಟ್ಟಿದ್ದೀರಿ? ಕಣ್ಣು ಮುಚ್ಚಿ, ಕರ್ತನಿಗೆ ಹೇಳಿ. ತೊದಲಿದರೂ ಪರವಾಗಿಲ್ಲ. ಆಮೆನ್.