ನೀನಿಲ್ದೆ ಹೇಗಣ್ಣ ನಡೆಯುತ್ತೆ?

ಕಳೆದ ಆಗಸ್ಟ್‌ನ ಒಂದು ಭಾನುವಾರ ಅಣ್ಣ ಫೋನ್ ಮಾಡಿದ್ದ. ಭಾನುವಾರ ಅವನು ಫೋನ್ ಮಾಡೋದು ಹೊಸದೇನಲ್ಲ. ಮಳೆ ಎಷ್ಟಾಯ್ತು, ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸಿದ್ದಾಯ್ತಾ, ಅಪ್ಪ ಊಟ ಸರಿಯಾಗಿ ಮಾಡ್ತಿದ್ದಾರಾ, ಇಷ್ಟೇ ನಮ್ಮ ಮಾತು. ಅವತ್ತು ಇದೆಲ್ಲ ಮುಗಿದ ಮೇಲೂ ಅವನು ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ತಿಂಗಳು ನೀನು ಬಂದು ಇಲ್ಲಿರ್ತೀಯೇನೋ? ನಾನು ಎಲ್ಲಾದ್ರೂ ಹೋಗಿ ಬರ್ತೀನಿ" ಅಂದ.

ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು: "ನೀನಿಲ್ದೆ ಅಲ್ಲಿ ಹೇಗಣ್ಣ ನಡೆಯುತ್ತೆ?" ಹೊಗಳಿಕೆ ಅಂದುಕೊಂಡೇ ಹೇಳಿದ್ದು. ಅವನು "ಹೌದಲ್ಲ" ಅಂದ. ಫೋನ್ ಇಟ್ಟ.

ಆ "ಹೌದಲ್ಲ" ನನ್ನನ್ನು ಬಿಡಲಿಲ್ಲ. ಅದರ ಬಗ್ಗೆಯೇ ಬರೆಯಬೇಕು, ಆದರೆ ನೇರವಾಗಿ ಬರೆಯೋಕೆ ಧೈರ್ಯ ಸಾಲದು. ಒಂದು ಪ್ರೋಟೀನಿನ ಸುತ್ತುದಾರಿ ಹಿಡಿದು ಬರ್ತೀನಿ, ಸಹಿಸಿಕೊಳ್ಳಿ.

ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವನು ನಾನು. ಜೀವಕೋಶ ಅಂದ್ರೆ ಹತ್ತನೇ ಕ್ಲಾಸಿನ ಚಿತ್ರ, ಮಧ್ಯದಲ್ಲೊಂದು ದುಂಡನೆ ಕೋಶಕೇಂದ್ರ, ಅಷ್ಟೇ. 2022ರ ಜೂನ್‌ನಲ್ಲಿ ಆಲ್ಫಾಫೋಲ್ಡ್ ಎಂಬ ಎಐ ಬಳಸಿ ಮನುಷ್ಯನ ಕೋಶಕೇಂದ್ರದ ರಂಧ್ರದ ರಚನೆಯನ್ನು ಬಹುಪಾಲು ಬಿಡಿಸಿದ ಸುದ್ದಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಟೀಮ್ ಗ್ರೂಪಿನಲ್ಲಿ ಯಾರೋ ಅದನ್ನು ಹಾಕಿದರು. ಎಐ ಆಸೆಗೆ ಓದೋಕೆ ಶುರು ಮಾಡಿದೆ, ರಂಧ್ರದಲ್ಲಿ ಸಿಕ್ಕಿಹಾಕಿಕೊಂಡೆ.

ಡಿಎನ್‌ಎ ಇರೋದು ಕೋಶಕೇಂದ್ರದ ಒಳಗೆ. ಅದರ ಸುತ್ತ ಎರಡು ಪದರದ ಪೊರೆ. ಒಳಗೆ ಬರೆದ ಆರ್‌ಎನ್‌ಎ ಹೊರಗೆ ಹೋಗಬೇಕು, ಹೊರಗೆ ತಯಾರಾದ ಪ್ರೋಟೀನುಗಳಲ್ಲಿ ಬೇಕಾದವು ಒಳಗೆ ಬರಬೇಕು. ಅದಕ್ಕೆ ಪೊರೆಯಲ್ಲಿ ಬಾಗಿಲುಗಳಿವೆ, ಒಂದು ಕೋಶಕ್ಕೆ ಸಾವಿರಗಳ ಲೆಕ್ಕದಲ್ಲಿ. ಬಾಗಿಲು ಅಂದ್ರೆ ಬರೀ ತೂತಲ್ಲ. ಸುಮಾರು 30 ಬಗೆಯ ಪ್ರೋಟೀನುಗಳು, ಒಟ್ಟು 1000ದಷ್ಟು ಬಿಡಿಭಾಗಗಳು, ಎಂಟು ದಳದ ಹೂವಿನ ಹಾಗೆ ಜೋಡಿಸಿಕೊಂಡ ಕಟ್ಟಡ ಅದು. ಈ ಪ್ರೋಟೀನುಗಳಿಗೆ ನ್ಯೂಕ್ಲಿಯೋಪೋರಿನ್ ಅಂತ ಹೆಸರು. ಕೆಲವು ನಡುವಿನ ದಾರಿಯಲ್ಲಿ ಜೋಳದ ತೆನೆಯ ಎಳೆಗಳ ಹಾಗೆ ಜೋತಾಡುತ್ತಾ ಯಾರು ಬರಬಹುದು, ಯಾರು ಬರಬಾರದು ಅಂತ ತಡೆಯುತ್ತವೆ. ಇನ್ನು ಕೆಲವು ತೊಲೆ, ಕಂಬ.

ನನಗೆ ಹಿಡಿಸಿದ್ದು ಒಂದು ಕಂಬ, ಎನ್‌ಯುಪಿ93. ಮನುಷ್ಯನಲ್ಲಿ ಇದರ ಜೀನ್ 16ನೇ ಕ್ರೋಮೋಸೋಮ್‌ನಲ್ಲಿದೆ. 819 ಅಮೈನೋ ಆಮ್ಲಗಳ ಸರಪಳಿ, ಅಂಥ ಸುಂದರಿಯೇನಲ್ಲ. ಉಳಿದ ಬಿಡಿಭಾಗಗಳನ್ನು ಹಿಡಿದು ನಿಲ್ಲಿಸೋದು ಇದರ ಕೆಲಸ.

ಎನ್‌ಯುಪಿ153ರಂಥವು ರಂಧ್ರಕ್ಕೆ ಬಂದು ಅಂಟಿಕೊಳ್ಳುತ್ತವೆ, ಬಿಟ್ಟು ಹೋಗುತ್ತವೆ, ಮತ್ತೆ ಬರುತ್ತವೆ. ಎನ್‌ಯುಪಿ93 ಹಾಗಲ್ಲ. ಒಮ್ಮೆ ಕೂತರೆ ಕೂತಿತು. ಎಷ್ಟು ಕಾಲ ಅಂತ ನೋಡೋಕೆ ಕ್ಯಾಲಿಫೋರ್ನಿಯಾದ ಸಾಕ್ ಇನ್‌ಸ್ಟಿಟ್ಯೂಟ್ ಮತ್ತು ಸ್ಕ್ರಿಪ್ಸ್‌ನ ವಿಜ್ಞಾನಿಗಳು ಒಂದು ಚೆಂದದ ಉಪಾಯ ಮಾಡಿದರು. ಇಲಿಗಳಿಗೆ ಭಾರವಾದ ನೈಟ್ರೋಜನ್ ಸೇರಿಸಿದ ಆಹಾರ ಕೊಟ್ಟು ಬೆಳೆಸಿದರು, ಹಾಗಾಗಿ ಅವುಗಳ ಮೈಯ ಪ್ರೋಟೀನೆಲ್ಲ ಭಾರ. ಆಮೇಲೆ ಮಾಮೂಲಿ ಆಹಾರ ಕೊಟ್ಟರು. ಇನ್ನು ಹೊಸದಾಗಿ ತಯಾರಾಗೋದೆಲ್ಲ ಹಗುರ. ಮೈಯ ಬಹುಪಾಲು ಪ್ರೋಟೀನು ಕೆಲವು ದಿನಗಳಲ್ಲೋ ವಾರಗಳಲ್ಲೋ ಬದಲಾಗುತ್ತೆ. ಆದರೆ ಒಂದು ವರ್ಷ ಕಳೆದು ಮಿದುಳನ್ನು ನೋಡಿದರೆ ಭಾರದ ಹಳೆಯ ಪ್ರೋಟೀನುಗಳು ಕೆಲವು ಅಲ್ಲೇ ಇದ್ದವು. ಅವುಗಳಲ್ಲಿ ರಂಧ್ರದ ಕಂಬಗಳೂ ಇದ್ದವು. ಇದು ಪ್ರಕಟವಾದದ್ದು 2012ರಲ್ಲಿ. ಎರಡು-ಮೂರು ವರ್ಷ ಬದುಕುವ ಪ್ರಾಣಿಗೆ ಒಂದು ವರ್ಷ ಅಂದ್ರೆ ಎಷ್ಟು, ಲೆಕ್ಕ ಹಾಕಿ.

ಅಷ್ಟು ಕಾಲ ನಿಂತರೆ ಸವೆಯದೇ ಇರುತ್ತಾ? 2009ರಲ್ಲೇ ಅದೇ ಸಾಕ್‌ನಲ್ಲಿ ನೋಡಿದ್ದರು. ಮುದಿ ಇಲಿಗಳ ನರಕೋಶಗಳಲ್ಲಿ ಈ ಕಂಬ ಹಾಳಾಗಿರುತ್ತೆ, ಕೆಲವು ಕಡೆ ಬಿದ್ದೇ ಹೋಗಿರುತ್ತೆ, ಬಾಗಿಲು ಸೋರುತ್ತೆ. ಹೊರಗಿರಬೇಕಾದ ಟ್ಯೂಬುಲಿನ್ ಎಂಬ ಪ್ರೋಟೀನು ಒಳಗೆ ಬಂದು ಕೂತಿರುತ್ತೆ.

ಇದನ್ನು ಓದಿದಾಗ ನನಗೆ ಮೊದಲು ಬಂದದ್ದು ಗೌರವ. ಎಂಥ ನಿಷ್ಠೆ ಅಂದುಕೊಂಡೆ. ಆಫೀಸಿನಲ್ಲೂ ನಾವು ಹೀಗೇ ಅಲ್ವಾ? ಹಳೇ ಬಿಲ್ಲಿಂಗ್ ಕೋಡ್ ನೋಡಿಕೊಳ್ಳೋರು ಒಬ್ಬರೇ ಇರ್ತಾರೆ. ನನ್ನ ಹಿಂದಿನ ಕಂಪನಿಯಲ್ಲಿ ಒಬ್ಬರು ಮೇಡಂ ಇದ್ದರು. "ನೀವಿಲ್ಲದೆ ಆಗಲ್ಲ" ಅಂತ ವರ್ಷವರ್ಷವೂ ಹೇಳಿ ಚಪ್ಪಾಳೆ ತಟ್ಟಿಸ್ತಿದ್ದರು. ಅದೇ ಕಾರಣಕ್ಕೆ ಅವರು ಕೇಳಿದ ಬೇರೆ ಟೀಮು ಸಿಗಲಿಲ್ಲ, ಮಗಳ ಪರೀಕ್ಷೆಗೆ ರಜೆಯೂ ಸಿಗಲಿಲ್ಲ. ಅವತ್ತು ನಾನೂ ಚಪ್ಪಾಳೆ ತಟ್ಟಿದ್ದೆ.

ಆದರೆ ಮುಂದೆ ಓದುತ್ತಾ ಹೋದ ಹಾಗೆ ಒಂದು ಸಾಲಿನ ವಿಷಯ ನನ್ನ ಗೌರವವನ್ನು ಕೆಡಿಸಿತು. ಎನ್‌ಯುಪಿ93 ಹೊಸದಾಗಿ ಮಾಡೋಕಾಗದ ವಸ್ತುವೇನಲ್ಲ. ಅದರ ಜೀನ್ ಪ್ರತಿ ಕೋಶದಲ್ಲೂ ಇದೆ. ಒಡೆದು ಎರಡಾಗುವ ಕೋಶಗಳು ಪ್ರತಿ ಸಲವೂ ಕೋಶಕೇಂದ್ರದ ಪೊರೆಯನ್ನೇ ಬಿಚ್ಚಿ ಮತ್ತೆ ಕಟ್ಟುತ್ತವೆ, ಆಗ ಹೊಸ ರಂಧ್ರಗಳೂ ಹುಟ್ಟುತ್ತವೆ. ನರಕೋಶ ಒಡೆಯೋದಿಲ್ಲ. ಕೋಶ ಒಡೆಯೋದನ್ನು ನಿಲ್ಲಿಸಿದ ಮೇಲೆ ಈ ಕಂಬಗಳ ತಯಾರಿಯನ್ನು ತುಂಬಾ ಕಡಿಮೆ ಮಾಡಿಬಿಡುತ್ತೆ ಅನ್ನೋದನ್ನೂ 2009ರ ಅದೇ ಕೆಲಸ ತೋರಿಸಿತ್ತು. ಅಂದ್ರೆ ಅದು ಬದಲಿಸಲಾಗದ್ದು ಅಂತ ಉಳಿದದ್ದಲ್ಲ. ಬದಲಿ ಮಾಡೋದನ್ನು ನಿಲ್ಲಿಸಿದ್ದರಿಂದ ಉಳಿದದ್ದು.

ಕೋಶದ ಪರವಾಗಿಯೂ ಒಂದು ಮಾತು ಹೇಳಬೇಕು. ಕಂಬ ತೆಗೆದರೆ ಬಾಗಿಲು ಬೀಳುತ್ತೆ, ಬಾಗಿಲು ಬಿದ್ದರೆ ಡಿಎನ್‌ಎಗೆ ಅಪಾಯ. ಓಡ್ತಾ ಇರೋ ಸರ್ವರನ್ನು ನಿಲ್ಲಿಸೋಕೆ ನಾವು ಹೆದರುವ ಹಾಗೆ. ಆ ಹೆದರಿಕೆ ಸುಳ್ಳಲ್ಲ. ಮಕ್ಕಳಲ್ಲಿ ಎನ್‌ಯುಪಿ93ರ ಜೀನ್ ಕೆಟ್ಟಿದ್ದರೆ ಸ್ಟೀರಾಯ್ಡ್‌ಗೂ ಬಗ್ಗದ ಕಿಡ್ನಿ ಕಾಯಿಲೆ ಬರುತ್ತೆ ಅಂತ 2016ರಲ್ಲಿ ಗೊತ್ತಾಯ್ತು. ಕಂಬ ಬೇಕು, ನಿಜ. ಅದು ಬೇಕು ಅನ್ನೋದಕ್ಕೂ ಅದೇ ಸಾಯೋತನಕ ನಿಂತಿರಬೇಕು ಅನ್ನೋದಕ್ಕೂ ನಡುವೆ ಒಂದು ಜಾಗ ಇದೆ. ನಾನು ಅಣ್ಣನಿಗೆ ಹೇಳಿದ ಮಾತು ಆ ಜಾಗವನ್ನು ಮುಚ್ಚಿತ್ತು.

ಪ್ರಕೃತಿಯಿಂದ ನೀತಿ ಹೆಕ್ಕೋದು ಅಪಾಯ ಅಂತ ನನಗೂ ಗೊತ್ತು. ಪ್ರೋಟೀನಿಗೆ ದುಃಖ ಇಲ್ಲ, ಕೋಶಕ್ಕೆ ಋಣ ಇಲ್ಲ. ಆದರೆ ಎನ್‌ಯುಪಿ93 ಭಾನುವಾರ ಫೋನ್ ಮಾಡಿ ಒಂದು ತಿಂಗಳು ಬಾ ಅನ್ನಲಾರದು. ನಮ್ಮಣ್ಣ ಅಂದ.

ಅಪ್ಪನಿಗೆ ಲಕ್ವ ಹೊಡೆದು ಆರು ವರ್ಷ. ಅಣ್ಣನಿಗೂ ಬೆಂಗಳೂರಿನಲ್ಲಿ ಕೆಲಸ ಇತ್ತು, ನನಗಿಂತ ಮುಂಚೆ ಬಂದವನು. ಎರಡು ವಾರಕ್ಕೆ ಅಂತ ಊರಿಗೆ ಹೋದ, ಕೊನೆ ಕೊಯ್ಲು ಮುಗಿಸಿ ಬರ್ತೀನಿ ಅಂದ, ಬರಲಿಲ್ಲ. ಅವನೇ ಇರಲಿ ಅಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನನ್ನ ಪ್ರಾಜೆಕ್ಟು, ನನ್ನ ಮದುವೆ, ನನ್ನ ಫ್ಲಾಟಿನ ಸಾಲ, ಒಂದೊಂದಾಗಿ ಬರ್ತಾ ಹೋದವು. ಅವನಿಗೆ ಬದಲಿ ತಯಾರಾಗೋದು ನಿಂತಿತು. ಈಗ ಅಪ್ಪ ಅವನ ಕೈಯಿಂದ ಮಾತ್ರ ಗಂಜಿ ಕುಡೀತಾರೆ. ಅದನ್ನೇ ತೋರಿಸಿ ನೋಡು, ಅವನೇ ಬೇಕು ಅಂತೀವಿ. ಬೇರೆಯವರು ಕುಡಿಸಿ ಅಭ್ಯಾಸ ಮಾಡಿದ್ದರೆ ತಾನೇ?

ಬರೆಯುತ್ತಾ ಇನ್ನೊಂದು ಹೊಳೆದು ನಾಚಿಕೆಯಾಯ್ತು. ಇಷ್ಟುದ್ದ ಬರೆದೆ, ಅತ್ತಿಗೆ ಎಲ್ಲೂ ಬರಲಿಲ್ಲ. ತವರಿಗೆ ಹೋದರೆ ಅವರು ಎರಡು ರಾತ್ರಿಗಿಂತ ಹೆಚ್ಚು ಉಳಿದದ್ದನ್ನು ನಾನು ಕಂಡಿಲ್ಲ. ಅಣ್ಣನಿಗಾದರೂ ನೀನಿಲ್ದೆ ಆಗಲ್ಲ ಅನ್ನೋ ಹೊಗಳಿಕೆ ಸಿಗುತ್ತೆ. ಅವರಿಗೆ ಅದೂ ಇಲ್ಲ.

ದುಡ್ಡು ಕಳಿಸ್ತೀನಲ್ಲ ಅಂತ ಒಳಗೊಬ್ಬ ಹೇಳ್ತಾನೇ ಇರ್ತಾನೆ. ಪ್ರೋಟೀನುಗಳ ಮೇಲೆ ಅವು ಹೋಗಬೇಕಾದ ವಿಳಾಸ ಬರೆದಿರುತ್ತೆ ಅಂತ ಕಂಡುಹಿಡಿದು 1999ರ ನೊಬೆಲ್ ಪಡೆದ ಗುಂಟರ್ ಬ್ಲೋಬೆಲ್ ಈ ರಂಧ್ರಗಳ ಮೇಲೂ ಕೆಲಸ ಮಾಡಿದವರು. ಯುದ್ಧದ ಕೊನೆಯಲ್ಲಿ ಮನೆ ಬಿಟ್ಟು ಓಡುವಾಗ ಹುಡುಗ ಬ್ಲೋಬೆಲ್ ಡ್ರೆಸ್ಡನ್ ನಗರ ನೋಡಿದ್ದರು, ಕೆಲವೇ ದಿನಗಳಲ್ಲಿ ಅದು ಬಾಂಬಿಗೆ ಸುಟ್ಟುಹೋಯಿತು. ನ್ಯೂಯಾರ್ಕಿನಲ್ಲಿ ನೆಲೆಸಿದ ಅವರು ನೊಬೆಲ್ ದುಡ್ಡನ್ನೆಲ್ಲ ಆ ಊರಿನ ಚರ್ಚು ಮತ್ತು ಸಿನಗಾಗ್ ಕಟ್ಟೋಕೆ ಕೊಟ್ಟರು. ದೊಡ್ಡ ಮಾತು, ಅನುಮಾನವಿಲ್ಲ. ಕಲ್ಲಿನ ಕಟ್ಟಡಕ್ಕೆ ದುಡ್ಡು ಸಾಕಾಗುತ್ತೆ. ರಾತ್ರಿ ಎರಡಕ್ಕೆ ಅಪ್ಪನನ್ನು ಮಗ್ಗುಲು ಬದಲಿಸೋದಕ್ಕೆ ನನ್ನ ತಿಂಗಳ ಇಪ್ಪತ್ತು ಸಾವಿರ ಎದ್ದು ಹೋಗಲ್ಲ.

ಆ ರಂಧ್ರದ ಕಥೆಯಲ್ಲಿ ಇನ್ನೊಂದು ವಿಷಯ ಉಳಿದಿದೆ. ಸಾಕ್‌ನವರ 2013ರ ಲೆಕ್ಕದ ಪ್ರಕಾರ ನರಕೋಶದಲ್ಲಿ ಇಡೀ ರಂಧ್ರ ಒಮ್ಮೆಗೇ ಬದಲಾಗೋದಿಲ್ಲ, ನಿಜ. ಆದರೆ ಅದರ ತುಂಡುಗಳು ಬಹಳ ನಿಧಾನಕ್ಕೆ, ಒಂದೊಂದಾಗಿ ಬದಲಾಗುತ್ತವೆ, ಬಾಗಿಲು ನಿಂತಿರುವಾಗಲೇ.

ಮ್ಯಾನೇಜರ್ ಒಂದು ತಿಂಗಳು ಕೊಡಲಿಲ್ಲ. ಎರಡು ವಾರ ರಜೆ, ಎರಡು ವಾರ ಊರಿಂದಲೇ ಕೆಲಸ ಅಂತ ಒಪ್ಪಂದವಾಯ್ತು. ಅಣ್ಣನಿಗೆ ಫೋನ್ ಮಾಡಿ ನವೆಂಬರ್‌ನಲ್ಲಿ ಬರ್ತೀನಿ, ನೀನೂ ಅತ್ತಿಗೆಯೂ ಹೊರಡಿ ಅಂದೆ. ಎಲ್ಲಿಗೆ ಹೋಗ್ತೀಯ ಅಂತ ಈ ಸಲ ಕೇಳಿದೆ. "ಗೊತ್ತಿಲ್ಲ ಮಾರಾಯ, ಯೋಚನೆ ಮಾಡೇ ಇಲ್ಲ" ಅಂದು ನಕ್ಕ. ಆಮೇಲೆ ಪೆನ್ನು ತಗೋ ಅಂದ. ಬೆಳಿಗ್ಗೆ ಬಿಪಿ ಮಾತ್ರೆ ತಿಂಡಿಗೆ ಮುಂಚೆ, ಬಿಳಿ ಮಾತ್ರೆ ಅರ್ಧ ಮಾಡಿ ಕೊಡಬೇಕು, ಎಡಗೈಗೆ ಎಣ್ಣೆ ಹಚ್ಚುವಾಗ ಅಪ್ಪ ಬೈತಾರೆ, ಬೇಜಾರು ಮಾಡ್ಕೋಬೇಡ, ಗಂಜಿ ಚಮಚದಲ್ಲಿ ಅಲ್ಲ, ಸಣ್ಣ ಲೋಟದಲ್ಲಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಒಂದೇ ಸಲಕ್ಕೆ ಹಿಡಿಯಲ್ಲ, ಕೊನೆ ತೆಗೆಯುವವನಿಗೆ ಹಿಂದಿನ ದಿನ ಸಂಜೆಯೇ ಹೇಳಿಟ್ಟಿರು. ಎರಡು ಪುಟ ತುಂಬಿತು.

"ಬರ್ಕೊಂಡ್ಯಾ?" ಅಂದ. "ಇನ್ನೂ ಇದೆ."